ಸಹಾಯ ಬೇಕು: ಹಳೇ ಲಿನಕ್ಸ್‌ನಲ್ಲಿ ಕನ್ನಡ ಕೀಬೋರ್ಡೂ ಸ್ಕ್ರೀನ್ ಸೈಜೂ ರೀಸ್ಟಾರ್ಟ್ ಆದ್ರೆ ನಿಲ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮನೆ ಶಿರಸಿ ಹತ್ರ, ಹಳೇ ಡೆಸ್ಕ್‌ಟಾಪಿಗೆ ಎಕ್ಸ್‌ಎಫ್‌ಸಿಇ (ಹಗುರವಾದ ಡೆಸ್ಕ್‌ಟಾಪ್ ವ್ಯವಸ್ಥೆ) ಇರೋ ಲಿನಕ್ಸ್ ಹಾಕಿದೀನಿ, ಅಪ್ಪಯ್ಯ ಅದ್ರಲ್ಲೇ ಯಕ್ಷಗಾನದ ಪದ್ಯ ಟೈಪ್ ಮಾಡೋದು, ಅವ್ರಿಗೆ ನುಡಿ ಸಾಫ್ಟ್‌ವೇರ್ ರೂಢಿ ಆಗಿರೋದ್ರಿಂದ ಅದ್ರಲ್ಲಿರೋ ಕಗಪ ಕೀಬೋರ್ಡ್ ಲೇಔಟೇ ಬೇಕು.

ಟರ್ಮಿನಲ್‌ನಲ್ಲಿ ಸೆಟ್‌ಎಕ್ಸ್‌ಕೆಬಿಮ್ಯಾಪ್ (ಕೀಬೋರ್ಡ್ ಲೇಔಟ್ ಬದಲಿಸೋ ಕಮಾಂಡ್) ಕೊಟ್ಟು ಇಂಗ್ಲಿಷ್ ಜೊತೆ ಕನ್ನಡ ಕಗಪ ಸೇರಿಸ್ದೆ, ಆಲ್ಟ್ ಶಿಫ್ಟ್ ಒತ್ತಿದ್ರೆ ಬದಲಾಗ್ತದೆ, ಒತ್ತಕ್ಷರ ಎಲ್ಲ ಸರಿಯಾಗೇ ಬರ್ತದೆ. ವಿಜಿಎ ಮಾನಿಟರ್ 1024×768 ಮಾತ್ರ ತೋರಿಸ್ತಿತ್ತು, ಅಕ್ಷರ ಎಲ್ಲ ಅಡ್ಡಕ್ಕೆ ಎಳೆದ ಹಾಗೆ, ಸಿವಿಟಿ ಕಮಾಂಡಿಂದ ಮೋಡ್‌ಲೈನ್ ಅಂದ್ರೆ ಸ್ಕ್ರೀನ್ ಸೈಜು, ಟೈಮಿಂಗ್ ಹೇಳೋ ಸಾಲು ತೆಗೆದು (1366 ಕೇಳಿದ್ರೆ 1368 ಕೊಡ್ತದೆ, ಅಗಲ 8ರಿಂದ ಭಾಗ ಆಗ್ಬೇಕಲ್ಲ) ಸ್ಕ್ರೀನ್ ಸೈಜ್ ಬದಲಿಸೋ ಎಕ್ಸ್‌ರ್ಯಾಂಡರ್‌ಗೆ ಸೇರಿಸಿದ್ಮೇಲೆ ಅದೂ ಚೊಲೋ ಆಯ್ತು.

ಆದ್ರೆ ಈ ಮಳೇಲಿ ಕರೆಂಟ್ ಹೋಗಿ ಬಂದ್ರೆ ಎರಡೂ ಮಾಯ! ಅಪ್ಪಯ್ಯಂಗೆ ಕಮಾಂಡ್ ಹೊಡಿಯೋಕೆ ಬರೋದಿಲ್ಲ, ನಾನು ಮನೇಲಿ ಇಲ್ದಿದ್ರೆ ಅವ್ರ ಕೆಲಸ ಅಲ್ಲಿಗೇ ನಿಲ್ತದೆ. ಇಟಿಸಿ ಒಳಗಿನ ಡಿಫಾಲ್ಟ್ ಫೋಲ್ಡರಿನ ಕೀಬೋರ್ಡ್ ಫೈಲಲ್ಲೂ ಬರೆದೆ, ಲಾಗಿನ್ ಸ್ಕ್ರೀನಲ್ಲಿ ಕನ್ನಡ ಬರ್ತದೆ, ಡೆಸ್ಕ್‌ಟಾಪ್ ಓಪನ್ ಆದ್ಕೂಡ್ಲೇ ಬರೀ ಇಂಗ್ಲಿಷ್.

ಎಕ್ಸ್‌ಎಫ್‌ಸಿಇ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ 'ಯೂಸ್ ಸಿಸ್ಟಮ್ ಡಿಫಾಲ್ಟ್ಸ್' ಆನ್ ಮಾಡಿದ್ರೆ ಸಾಕಾ, ಇಲ್ಲ ಅಲ್ಲೇ ಕಗಪ ಸೇರಿಸ್ಬೇಕಾ? ಮಾನಿಟರ್ ಮೋಡ್‌ಲೈನ್ ಲಾಗಿನ್ ಆದಾಗ ಓಡೋ ಎಕ್ಸ್‌ಪ್ರೊಫೈಲ್ ಫೈಲಿಗೆ ಹಾಕೋದಾ, ಡಿಸ್‌ಪ್ಲೇ ಸೆಟ್ಟಿಂಗ್ಸ್ ಇರೋ ಎಕ್ಸ್‌ಆರ್ಗ್ ಕಾನ್ಫ್ ಫೈಲಿಗೆ ಹಾಕೋದಾ? ಮಾಡಿ ನೋಡಿದವ್ರು ಯಾರಾದ್ರೂ ಹೇಳಿ.