ಅಪ್‌ಡೇಟ್: ತಂದೆಯವರ ನೋವಿಗೆ ಕಾರಣ ತಿಳಿಯಿತು

ಮೋಟಾರ್ ನ್ಯೂರಾನ್ ಕಾಯಿಲೆ ಬಾಧಿಸುವುದು ಮುಖ್ಯವಾಗಿ ಚಲನೆಯ ನರಗಳನ್ನು ಎಂದಾದರೆ ನಮ್ಮ ತಂದೆಯವರಿಗೆ ಇಷ್ಟೊಂದು ನೋವೇಕೆ ಎಂದು ಹಿಂದೆ ಕೇಳಿದ್ದೆ. ನಿಮ್ಹಾನ್ಸ್‌ನ ವೈದ್ಯರು ವಿವರಿಸಿದಂತೆ, ಈ ನೋವು ಬಹುಮಟ್ಟಿಗೆ ಕಾಯಿಲೆಯ ಪರಿಣಾಮಗಳಿಂದ, ಅಂದರೆ ಸ್ನಾಯುಗಳ ಸೆಳೆತ ಮತ್ತು ಬಿಗಿತ, ಒಂದೇ ಭಂಗಿಯಲ್ಲಿ ಇರುವುದರಿಂದ ಬೀಳುವ ಒತ್ತಡ, ಸ್ನಾಯುಗಳ ಆಸರೆ ತಪ್ಪಿದ ಕೀಲುಗಳು, ಇವುಗಳಿಂದ ಹುಟ್ಟುತ್ತದೆ.

ತಂದೆಯವರಿಗೆ ಹೆಚ್ಚು ನೋಯುತ್ತಿದ್ದುದು ಭುಜ. ಕಂಕುಳಿಗೆ ಕೈಹಾಕಿ ಎತ್ತಬಾರದೆಂದೂ, ತೋಳಿನ ಕೆಳಗೆ ಸದಾ ದಿಂಬು ಇರಬೇಕೆಂದೂ ಹೇಳಿದ ಫಿಸಿಯೋಥೆರಪಿಸ್ಟ್, ದಿನವೂ ಕೀಲುಗಳನ್ನು ಮೆಲ್ಲಗೆ ಆಡಿಸುವ ಕ್ರಮವನ್ನು ಅಮ್ಮನಿಗೆ ಕಲಿಸಿಕೊಟ್ಟರು. ಔಷಧಿಗಿಂತ ಇದರಿಂದಲೇ ಹೆಚ್ಚು ಉಪಶಮನ ಸಿಕ್ಕಿದೆ ಎಂಬುದು ನನ್ನ ಅಭಿಪ್ರಾಯ.

ಬಿಗಿತಕ್ಕೆ, ಸ್ನಾಯುಗಳನ್ನು ಸಡಿಲಿಸುವ ಬ್ಯಾಕ್ಲೋಫೆನ್ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಆರಂಭಿಸಿದ್ದಾರೆ. ಸೋತ ಕಾಲಿಗೆ ನಿಲ್ಲಲು ಆ ಬಿಗಿತವೇ ಒಂದಿಷ್ಟು ಆಧಾರವಾಗಿರುವುದರಿಂದ ಪ್ರಮಾಣ ಹೆಚ್ಚಿದರೆ ನಿಶ್ಶಕ್ತಿ ಹೆಚ್ಚಬಹುದು. ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದೂ ಅಪಾಯಕಾರಿ. ಅವರು ಸೇವಿಸುತ್ತಿರುವ ರಿಲುಜೋಲ್ ಕಾಯಿಲೆಯ ವೇಗವನ್ನು ತುಸು ತಗ್ಗಿಸುತ್ತದೆಯೇ ಹೊರತು ನೋವಿನ ಔಷಧಿಯಲ್ಲ.

ಮಾತು ಕ್ಷೀಣಿಸಿರುವುದರಿಂದ ಅಮ್ಮ ದೇಹದ ಚಿತ್ರವನ್ನು ತೋರಿಸಿ ಕೇಳುತ್ತಾರೆ, ತಂದೆಯವರು ಕಣ್ಣು ಮಿಟುಕಿಸಿ ನೋವಿನ ಜಾಗ ತಿಳಿಸುತ್ತಾರೆ. ಪ್ರಬಲ ನೋವುನಿವಾರಕವಾದ ಮಾರ್ಫಿನ್ ಸದ್ಯಕ್ಕೆ ಬೇಕಾಗಿಲ್ಲ. ಮುಂದೆ ಬೇಕಾದರೆ ಉಸಿರಾಟವನ್ನು ಗಮನಿಸುತ್ತ ಅಲ್ಪ ಪ್ರಮಾಣದಿಂದ ಆರಂಭಿಸಬಹುದೆಂದು ವೈದ್ಯರು ತಿಳಿಸಿದ್ದಾರೆ.