ರೆಂಬ್ರಾಂಟನ ಮನೆ ಸಾಲ

ಆಮ್‌ಸ್ಟರ್‌ಡ್ಯಾಮಿನಲ್ಲಿ ಹದಿನೇಳನೇ ಶತಮಾನದ ಚಿತ್ರಕಾರ ರೆಂಬ್ರಾಂಟ್ ಇದ್ದ ಮನೆ ಈಗ ಮ್ಯೂಸಿಯಂ. ನಾವು ಮೂವರೂ ನೋಡಿಕೊಂಡು ಹೊರಗೆ ಬಂದೆವು. ಗೌಡ ಕೊನೆಗೆ ಬಂದ, ಕಂಕುಳಲ್ಲಿ ಒಂದು ಸುರುಳಿ, ಮುಖ ಮಂಕು. ಹೋದ ತಿಂಗಳಷ್ಟೇ ಮೈಸೂರಿನಲ್ಲಿ ಫ್ಲ್ಯಾಟ್ ಕೊಂಡಿದ್ದಾನೆ. ಇಪ್ಪತ್ತು ವರ್ಷದ ಸಾಲ.

"ಈ ಮನೆ ಎಷ್ಟಕ್ಕೆ ತಗೊಂಡಿದ್ದನಂತೆ?" ಎಂದ.

"1639ರಲ್ಲಿ, 13,000 ಗಿಲ್ಡರ್‌ಗೆ, ಅಂದರೆ ಆಗಿನ ಡಚ್ ನಾಣ್ಯ" ಎಂದರು ಮೇಷ್ಟ್ರು. ಇವರು ಪಾಠ ಹೇಳಿದವರಲ್ಲ. ಮ್ಯೂಸಿಯಂನ ಒಂದು ಬೋರ್ಡನ್ನೂ ಬಿಡದೆ ಓದುವುದರಿಂದ ಆ ಹೆಸರು. "ಸ್ವಲ್ಪ ಮೊದಲು ಕೊಟ್ಟ. ಮಿಕ್ಕದ್ದು ಕಂತು."

"ಕಟ್ಟಿದನಾ?"

"ಎಲ್ಲಿ ಕಟ್ಟಿದ! ಹರಾಜು ಅಂದರೆ ಸಾಕು, ಓಡುತ್ತಿದ್ದ. ಶಂಖ, ಚಿಪ್ಪು, ಶಿರಸ್ತ್ರಾಣ, ಕಲ್ಲಿನ ತಲೆ, ಇಟಲಿಯ ಚಿತ್ರ, ಕಂಡದ್ದೆಲ್ಲ ಬೇಕು. ಮೊಗಲರ ಚಿತ್ರ ನೋಡಿ ನಮ್ಮ ಷಾಜಹಾನನನ್ನೂ ಬರೆದಿದ್ದಾನೆ. ಅದೂ ಹಾಲೆಂಡ್ ಬಿಟ್ಟು ಆಚೆ ಹೋಗದವನು!"

"ಸಂಪಾದನೆ ಇರಲಿಲ್ವಾ?" ಎಂದೆ.

"ಚೆನ್ನಾಗಿತ್ತು. ನಿನ್ನೆ ನೋಡಿದೆವಲ್ಲ, ಊರ ಕಾವಲುಪಡೆಯವರ ಗುಂಪುಚಿತ್ರ, 'ನೈಟ್ ವಾಚ್'? 1642ರದು. ಅದಕ್ಕೆ 1,600 ಗಿಲ್ಡರ್. ಚಿತ್ರದಲ್ಲಿರುವವರು ತಲೆಗೆ ಸುಮಾರು ನೂರು ಹಾಕಿದ್ದು. ಮುಂದೆ ನಿಂತವನಿಗೆ ಜಾಸ್ತಿ, ಹಿಂದಿನವನಿಗೆ ಕಡಿಮೆ."

"ನಮ್ಮಲ್ಲಿ ಮದುವೆ ಫೋಟೋಗೂ ಹೀಗೇ ಮಾಡಿದ್ದರೆ ನಮ್ಮ ಮಾವ ಬಾಗಿಲ ಹೊರಗೆ ನಿಂತಿರುತ್ತಿದ್ದರು" ಎಂದ ಗೌಡ. ಮುಖಕ್ಕೆ ಸ್ವಲ್ಪ ಕಳೆ ಬಂತು.

ಆದರೆ ಅದೇ ವರ್ಷ ರೆಂಬ್ರಾಂಟನ ಹೆಂಡತಿ ಸಾಸ್ಕಿಯಾ ತೀರಿಕೊಂಡಳು. ಕೂಸು ಟೀಟಸ್‌ಗೆ ಇನ್ನೂ ವರ್ಷ ತುಂಬಿರಲಿಲ್ಲ. ಕೂಸನ್ನು ನೋಡಿಕೊಳ್ಳಲು ಬಂದ ಖೇರ್ತಿಯ ಜೊತೆ ಸಂಬಂಧ ಬೆಳೆಯಿತು. ಮುಂದೆ ಅವಳು, ಮದುವೆಯಾಗುತ್ತೇನೆ ಅಂದು ಕೈಕೊಟ್ಟ ಅಂತ ದೂರು ಕೊಟ್ಟಳು. 1650ರಲ್ಲಿ ಅವಳನ್ನು ಖೌಡಾ ಊರಿನ ಹೆಂಗಸರ ಜೈಲಿಗೆ ಹಾಕಿಸಿದರು. ಅದರಲ್ಲಿ ಇವನ ಕೈಯೂ ಇತ್ತು. ಇಷ್ಟನ್ನು ಕೇಳಿ ಮೂವರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಎಂಥ ದೊಡ್ಡ ಕಲಾವಿದನಾದರೂ ಇದು ನನಗೆ ಜೀರ್ಣವಾಗಲಿಲ್ಲ.

"ಆಮೇಲೆ ಸಾಲಗಾರರು ಬಂದರಾ?" ಗೌಡನಿಗೆ ಅದೇ ಚಿಂತೆ.

"1656ರಲ್ಲಿ ದಿವಾಳಿ. ಮನೆಯಲ್ಲಿದ್ದುದರ ಪಟ್ಟಿ ಮಾಡಿದರು, 363 ಬಾಬ್ತು. ಕೊಂಡಿದ್ದು ಹರಾಜಿನಲ್ಲಿ, ಹೋದದ್ದೂ ಹರಾಜಿನಲ್ಲೇ."

"ಮನೆ?"

"ಅದೂ ಹೋಯಿತು. ಸುಮಾರು 11,000ಕ್ಕೆ."

"ಕೊಂಡದ್ದಕ್ಕಿಂತ ಕಮ್ಮಿಗೆ!" ಗೌಡ ಮೆಟ್ಟಿಲ ಮೇಲೆ ಕುಸಿದು ಕೂತ.

"ಇನ್ನೂ ಕೇಳು. 1660ರಲ್ಲಿ ಮಗ ಟೀಟಸ್ ಮತ್ತು ಜೊತೆಗಿದ್ದ ಹೆಂಡ್ರಿಕ್ಯೆ ಸೇರಿ ಚಿತ್ರದ ವ್ಯಾಪಾರ ಶುರು ಮಾಡಿದರು. ಅದರಲ್ಲಿ ರೆಂಬ್ರಾಂಟ್ ಬರೀ ನೌಕರ. ಊಟ, ವಸತಿ ಅವರದು. ಸಾಲಗಾರರು ಬಂದರೆ, ನನ್ನದೇನೂ ಇಲ್ಲಪ್ಪಾ ಅನ್ನಬಹುದಲ್ಲ!"

"ಬುದ್ಧಿವಂತ" ಎಂದ ಗೌಡ. ತನ್ನ ಮಗನಿಗೆ ಇನ್ನೂ ನಾಲ್ಕು ವರ್ಷ ಅಂತ ನೆನಪಾಗಿ ನಿಟ್ಟುಸಿರು ಬಿಟ್ಟ.

"1662ರಲ್ಲಿ ಸಾಸ್ಕಿಯಾಳ ಸಮಾಧಿಯ ಜಾಗವನ್ನೂ ಮಾರಿದ. 1669ರಲ್ಲಿ ಸತ್ತಾಗ ಅವನನ್ನು ಹೂಳಿದ್ದು ಬಾಡಿಗೆ ಗುಂಡಿಯಲ್ಲಿ."

ಮೇಷ್ಟ್ರ ಕಣ್ಣು ಆಗ ಸುರುಳಿಯ ಮೇಲೆ ಬಿತ್ತು. "ಏನಯ್ಯಾ ಅದು?"

"ನೈಟ್ ವಾಚ್. ಹಾಲ್‌ಗೆ. ಸುಮ್ನೆ ಚೆನ್ನಾಗಿ ಕಾಣಿಸ್ತು."

"ಅಷ್ಟು ದೊಡ್ಡದು ನಿನ್ನ ಗೋಡೆಗೆ ಹಿಡಿಯುತ್ತದೇನೋ?"

"ಹಿಡಿಯದಿದ್ದರೆ ಸುತ್ತ ಕತ್ತರಿಸೋದು. 1715ರಲ್ಲಿ ಪುರಭವನದ ಗೋಡೆಗೆ ಹಿಡಿಯಲಿಲ್ಲ ಅಂತ ಅಸಲಿಯನ್ನೇ ಕತ್ತರಿಸಿದರು ಅಂತ ನಿನ್ನೆ ನೀವೇ ಹೇಳಿದಿರಲ್ಲ ಮೇಷ್ಟ್ರೇ!"