ಶಾಲೆಗಳಿಗೆ ನಮ್ಮ ಆಸ್ತಿ ತೆರಿಗೆಯಿಂದ ಏನು ಹೋಗುತ್ತದೆ, ಅದನ್ನು ಕೇಳುವ ಜಾಗ ಯಾವುದು?

ಪ್ರಶ್ನೆ: ಬನಶಂಕರಿ ನಿವಾಸಿ

ಮಗಳ ಮನೆಗೆಂದು ಅಮೆರಿಕದ ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಕೌಂಟಿಗೆ ಹೋಗಿದ್ದಾಗ, ಏಪ್ರಿಲ್ ತಿಂಗಳಲ್ಲಿ ಅಲ್ಲಿನ ಆಯವ್ಯಯದ ಅಹವಾಲು ಸಭೆಯಲ್ಲಿ ಅವಳ ಜೊತೆ ಒಂದು ಸಂಜೆ ಕುಳಿತಿದ್ದೆ. ಮೊದಲೇ ಹೆಸರು ಬರೆಸಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದು, ಕೊಟ್ಟ ಕೆಲವೇ ನಿಮಿಷಗಳಲ್ಲಿ ತಮ್ಮ ಮಾತು ಮುಗಿಸುತ್ತಿದ್ದರು. ಸಂಬಳ ಸಾಲದೆ ಸಹೋದ್ಯೋಗಿಗಳು ಬೇರೆ ಊರಿನ ಶಾಲೆಗಳಿಗೆ ಹೋಗುತ್ತಿದ್ದಾರೆಂದು ಶಿಕ್ಷಕಿಯೊಬ್ಬರು ಹೇಳಿದರೆ, ಅವರ ಬೆನ್ನಿಗೇ ಬಂದ ವೃದ್ಧರೊಬ್ಬರು ಮನೆಯ ಬೆಲೆಯ ಜೊತೆ ತೆರಿಗೆಯೂ ಏರಿದೆ, ತಮ್ಮ ಪಿಂಚಣಿ ಮಾತ್ರ ಇದ್ದಲ್ಲೇ ಇದೆ ಎಂದರು. ಅಲ್ಲಿ ಶಾಲಾ ಮಂಡಳಿಗೆ ತೆರಿಗೆ ಹಾಕುವ ಅಧಿಕಾರವಿಲ್ಲ. ಮನೆಯ ಬೆಲೆಯ ಪ್ರತಿ 100 ಡಾಲರಿಗೆ ಇಷ್ಟೆಂದು ಕೌಂಟಿಯ ಮಂಡಳಿ ದರ ಗೊತ್ತುಮಾಡುತ್ತದೆ, ಅದರ ಸಾಮಾನ್ಯ ನಿಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಶಾಲೆಗಳಿಗೇ ಹೋಗುತ್ತದೆ. ಹಾಗಾಗಿ ತೆರಿಗೆ ಬೇಡವೆನ್ನುವವರೂ ಶಾಲೆ ಬೇಕೆನ್ನುವವರೂ ಒಂದೇ ಕೋಣೆಯಲ್ಲಿ ಕುಳಿತು ಒಬ್ಬರ ಮಾತನ್ನು ಇನ್ನೊಬ್ಬರು ಕೇಳಲೇಬೇಕಾಗುತ್ತದೆ.

ಇಲ್ಲಿ ನಾನು ಶೇ. 5ರ ರಿಯಾಯಿತಿ ತಪ್ಪದಿರಲೆಂದು ಪ್ರತಿ ವರ್ಷ ಏಪ್ರಿಲ್‌ನಲ್ಲೇ ಆಸ್ತಿ ತೆರಿಗೆ ಕಟ್ಟುತ್ತೇನೆ. ಮನೆಯಿಂದ ಎರಡು ಬೀದಿ ಆಚೆಗಿರುವ ಸರ್ಕಾರಿ ಶಾಲೆಯಲ್ಲಿ ಮಳೆಗಾಲ ಬಂತೆಂದರೆ ಎರಡು ತರಗತಿಗಳ ಮಕ್ಕಳನ್ನು ಸೋರದ ಒಂದೇ ಕೊಠಡಿಯಲ್ಲಿ ಕೂರಿಸುತ್ತಾರೆ. ನಾನು ಕಟ್ಟುವ ಹಣದಲ್ಲಿ ಆ ಶಾಲೆಗೆ ಏನಾದರೂ ಸೇರುತ್ತದೆಯೇ? ಶಾಲೆಗೆಂದೇ ಒಂದು ಸೆಸ್ ಹಾಕಿದರೆ ಕೊಡಲು ನಾನು ಸಿದ್ಧ. ಆದರೆ ಈ ಮಾತನ್ನು ಯಾರ ಮುಂದೆ ಹೇಳಬೇಕೆಂಬುದೇ ನನಗೆ ತಿಳಿಯುತ್ತಿಲ್ಲ.

ಉತ್ತರ 1: ಮಲ್ಲೇಶ್ವರದ ನಿವೃತ್ತ ಲೆಕ್ಕಾಧಿಕಾರಿ

ನೀವು ನೋಡಿದ ಶಾಲೆ ರಾಜ್ಯದ ಶಾಲಾ ಶಿಕ್ಷಣ ಇಲಾಖೆಯದಾಗಿದ್ದರೆ, ನಿಮ್ಮ ಆಸ್ತಿ ತೆರಿಗೆಗೂ ಅದರ ಚಾವಣಿಗೂ ನೇರ ಸಂಬಂಧವಿಲ್ಲ. ಬೆಂಗಳೂರಿನ ಸರ್ಕಾರಿ ಶಾಲೆಗಳಲ್ಲಿ ಬಹುಪಾಲು ಇಂಥವೇ. ಶಿಕ್ಷಕರ ಸಂಬಳ ರಾಜ್ಯದ ಬೊಕ್ಕಸದಿಂದ ಬರುತ್ತದೆ, ಸಮಗ್ರ ಶಿಕ್ಷಣ ಯೋಜನೆಯ ಹಣ ಕೇಂದ್ರ 60, ರಾಜ್ಯ 40ರ ಪ್ರಮಾಣದಲ್ಲಿ ಬರುತ್ತದೆ. ಪಾಲಿಕೆ ತಾನೇ ನಡೆಸುವ ಶಿಶುವಿಹಾರ, ಶಾಲೆ, ಕಾಲೇಜುಗಳಿಗೆ ಮಾತ್ರ ನಗರದ ತೆರಿಗೆಯ ಹಣ ತಲುಪುತ್ತದೆ. ತೆರಿಗೆಯ ಮೇಲೆ ನಾವು ಕಟ್ಟುವ ಸೆಸ್‌ನಲ್ಲಿ ತೆರಿಗೆ ಮೊತ್ತದ ಶೇ. 15 ಆರೋಗ್ಯಕ್ಕೆ, ಶೇ. 6 ಗ್ರಂಥಾಲಯಕ್ಕೆ, ಶೇ. 3 ಭಿಕ್ಷುಕರ ಪುನರ್ವಸತಿಗೆ ಎಂದು ಪಾಲುಗಳಿವೆ. ಶಾಲೆಯ ಹೆಸರು ಅಲ್ಲಿಲ್ಲ.

ಕೇಳುವ ಜಾಗದ ಮಾತು ಇನ್ನೂ ಬೇಸರದ್ದು. ಕೊನೆಯ ಚುನಾಯಿತ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ 2025ರವರೆಗೆ ಬಂದ ಐದು ಆಯವ್ಯಯಗಳನ್ನೂ ಆಡಳಿತಾಧಿಕಾರಿಗಳ ಕೆಳಗೆ ಅಧಿಕಾರಿಗಳೇ ಸಿದ್ಧಪಡಿಸಿ ಮಂಡಿಸಿದರು. ಕೊನೆಯದರ ಗಾತ್ರ ಸುಮಾರು 19,900 ಕೋಟಿ ರೂಪಾಯಿ. ಅಷ್ಟು ದೊಡ್ಡ ಮೊತ್ತದ ಮೇಲೆ ಒಬ್ಬ ಕಾರ್ಪೊರೇಟರ್ ಕೂಡ ಎದ್ದು ನಿಂತು ಪ್ರಶ್ನೆ ಕೇಳಲಿಲ್ಲವೆಂಬುದು ಲೆಕ್ಕ ಬರೆದೇ ಬದುಕಿದ ನನಗೆ ಇಂದಿಗೂ ಸಂಕಟದ ವಿಷಯ.

ಉತ್ತರ 2: ಜೆ.ಪಿ. ನಗರ ನಿವಾಸಿ

ಪ್ರಶ್ನೆ ಕೇಳಿದವರ ಸದುದ್ದೇಶವನ್ನು ಗೌರವಿಸುತ್ತೇನೆ, ಆದರೆ ಹೊಸ ಸೆಸ್‌ಗೆ ನನ್ನ ವಿರೋಧವಿದೆ. ಗ್ರಂಥಾಲಯದ ಹೆಸರಿನಲ್ಲಿ ಸಂಗ್ರಹಿಸಿದ ಸೆಸ್ ಗ್ರಂಥಾಲಯ ಇಲಾಖೆಗೆ ಪೂರ್ತಿಯಾಗಿ ಸಲ್ಲದೆ ಕೋಟಿಗಟ್ಟಲೆ ಬಾಕಿ ಉಳಿಯುತ್ತಾ ಬಂದಿರುವುದನ್ನು ಪತ್ರಿಕೆಗಳಲ್ಲಿ ವರ್ಷಗಳಿಂದ ಓದುತ್ತಿದ್ದೇವೆ. ಶಾಲೆಯ ಸೆಸ್‌ಗೆ ಅದೇ ಗತಿ ಬರುವುದಿಲ್ಲವೆಂದು ಯಾರು ಹೊಣೆ ಹೊರುತ್ತಾರೆ? 2016ರಲ್ಲಿ ವಸತಿ ಕಟ್ಟಡಗಳ ತೆರಿಗೆ ಶೇ. 20ರಷ್ಟು ಏರಿತು, 2025ರ ಏಪ್ರಿಲ್‌ನಿಂದ ಕಸದ ಬಳಕೆದಾರ ಶುಲ್ಕವೂ ಸೇರಿತು. ಒಂದೇ ಮನೆಯಲ್ಲಿ ಬದುಕು ಕಳೆದ ಹಿರಿಯರಿಗೆ ಇದೆಲ್ಲ ಸಣ್ಣ ಮೊತ್ತವಲ್ಲ.

ಇನ್ನೊಂದು ಆತಂಕವಿದೆ. 2025ರ ಸೆಪ್ಟೆಂಬರ್‌ನಿಂದ ನಗರ ಐದು ಪಾಲಿಕೆಗಳಾಗಿ ಹಂಚಿಹೋಗಿದೆ. ಸಂಗ್ರಹವಾದ ಪಾಲಿಕೆಯಲ್ಲೇ ಸೆಸ್ ಖರ್ಚಾಗಬೇಕೆಂದರೆ, ಟೆಕ್ ಪಾರ್ಕ್‌ಗಳಿರುವ ಮಹದೇವಪುರದ ಕಡೆಯ ಪೂರ್ವ ಪಾಲಿಕೆಯ ಶಾಲೆಗಳು ಒಂದು ರೀತಿ, ಸಣ್ಣ ಮನೆ ಮತ್ತು ಕಿರು ಕಾರ್ಖಾನೆಗಳ ಬಡಾವಣೆಗಳ ಶಾಲೆಗಳು ಇನ್ನೊಂದು ರೀತಿ ಆಗುತ್ತವೆ. ಅಮೆರಿಕದಲ್ಲಿ ಇದೇ ತಾರತಮ್ಯವನ್ನು ಪ್ರಶ್ನಿಸಿ ಟೆಕ್ಸಾಸಿನ ಪೋಷಕರು ಸುಪ್ರೀಂ ಕೋರ್ಟಿನವರೆಗೆ ಹೋಗಿ 1973ರಲ್ಲಿ ಸೋತರು. ಬೇರೆಯವರು ಪಟ್ಟ ಪಾಡನ್ನು ನಾವು ಹೊಸದಾಗಿ ಆಹ್ವಾನಿಸಬಾರದು. ಶಾಲೆಯ ಹಣ ರಾಜ್ಯದಿಂದ ಬರುವುದೇ ನ್ಯಾಯ, ಅದು ಸಾಲುವಷ್ಟು ಬರಲಿ.

ಉತ್ತರ 3: ನಿವೃತ್ತ ಮುಖ್ಯ ಶಿಕ್ಷಕಿ, ಯಶವಂತಪುರ

ಸಾಲುವಷ್ಟು ಎಂದರೆ ಎಷ್ಟೆಂದು ಹೇಳುತ್ತೇನೆ. ಸಮಗ್ರ ಶಿಕ್ಷಣದ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000. ಸೀಮೆಸುಣ್ಣ, ಪೊರಕೆ, ಫಿನಾಯಿಲ್, ಕೆಟ್ಟ ನಲ್ಲಿ, ಒಡೆದ ಕಿಟಕಿ, ಶೌಚಾಲಯದ ದುರಸ್ತಿ, ಎಲ್ಲವೂ ಇದರಲ್ಲೇ ಆಗಬೇಕು. ನನ್ನ ಕಡೆಯ ವರ್ಷಗಳಲ್ಲಿ ಶಾಲೆಯಲ್ಲಿ 90ರ ಆಸುಪಾಸು ಮಕ್ಕಳಿದ್ದರು. ಶೌಚಾಲಯ ತೊಳೆಯುವವರಿಗೆ ತಿಂಗಳಿಗೆ 2,000 ಕೊಟ್ಟರೂ ವರ್ಷಕ್ಕೆ 24,000 ಆಗುತ್ತದೆ, ಉಳಿಯುವುದು 1,000. ಚಾವಣಿ ಸೋರಿದಾಗ ಇಲಾಖೆಗೆ ಮನವಿ ಬರೆದು ಕಾಯುವುದು, ಇಲ್ಲವೇ ದಾನಿಗಳ ಮನೆಬಾಗಿಲಿಗೆ ಹೋಗುವುದು, ಇವೆರಡೇ ದಾರಿ. ನಾನು ಎರಡನ್ನೂ ಮಾಡಿದ್ದೇನೆ. ಮಕ್ಕಳ ಹಕ್ಕಾಗಿರುವುದನ್ನು ಅಂಗಡಿಯವರ ಮುಂದೆ ಉಪಕಾರವೆಂಬಂತೆ ಕೇಳುವಾಗ ಆಗುವ ನೋವು ಬೇರೆ.

ಮಕ್ಕಳು ಕಡಿಮೆಯಾದಷ್ಟೂ ಅನುದಾನ ಕಡಿಮೆಯಾಗುತ್ತದೆ, ಅನುದಾನ ಕಡಿಮೆಯಾದಷ್ಟೂ ಶಾಲೆ ಕಳೆಗುಂದುತ್ತದೆ, ಅದನ್ನು ನೋಡಿದ ತಂದೆತಾಯಿ ಸಾಲ ಮಾಡಿಯಾದರೂ ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುತ್ತಾರೆ. ಸೆಸ್ ಬೇಡವೆನ್ನುವವರು ದಯವಿಟ್ಟು ಒಂದು ಬೆಳಗ್ಗೆ ಹತ್ತಿರದ ಶಾಲೆಗೆ ಹೋಗಿ ಬನ್ನಿ.

ಉತ್ತರ 4: ಬಾಡಿಗೆದಾರ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯ, ಕಾಮಾಕ್ಷಿಪಾಳ್ಯ

ನನ್ನ ಇಬ್ಬರು ಮಕ್ಕಳೂ ಸರ್ಕಾರಿ ಶಾಲೆಯಲ್ಲೇ ಓದುತ್ತಿದ್ದಾರೆ. ಇಲ್ಲಿ ಎಲ್ಲರೂ ಆಸ್ತಿ ತೆರಿಗೆ ಕಟ್ಟುವವರೆಂದು ಮನೆ ಮಾಲೀಕರನ್ನಷ್ಟೇ ಎಣಿಸುತ್ತಿರುವುದು ಸರಿಯಲ್ಲ. ಮಾಲೀಕರ ತೆರಿಗೆ ಏರಿದ ವರ್ಷ ನಮ್ಮ ಬಾಡಿಗೆಯೂ ಏರುತ್ತದೆ. ರಸೀದಿಯಲ್ಲಿ ಹೆಸರಿಲ್ಲದಿದ್ದರೂ ಹಣ ನಮ್ಮದೂ ಹೌದು.

ಕೇಳುವ ಜಾಗ ಕಾನೂನಿನಲ್ಲಿ ಈಗಾಗಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. 22ನೇ ಸೆಕ್ಷನ್ ಪ್ರಕಾರ ಆ ಸಮಿತಿ ಶಾಲಾ ಅಭಿವೃದ್ಧಿ ಯೋಜನೆ ಬರೆಯಬೇಕು, ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ಅನುದಾನ ಕೊಡುವಾಗ ಆ ಯೋಜನೆಯೇ ಆಧಾರವಾಗಬೇಕು. ನಾವು ಬರೆದ ಯೋಜನೆಯಲ್ಲಿ ಎರಡು ಕೊಠಡಿ, ಒಂದು ನೀರಿನ ತೊಟ್ಟಿ, ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು ಇವೆ. ಅದನ್ನು ಎತ್ತಿ ಹಿಡಿದು ಆಯವ್ಯಯದ ಹೊತ್ತಿಗೆ ಮಾತಾಡಬೇಕಾದವರು ಸಮಿತಿಯಲ್ಲಿರಬೇಕಾದ ಸ್ಥಳೀಯ ಚುನಾಯಿತ ಪ್ರತಿನಿಧಿ. 2020ರ ನಂತರ ಆ ಕುರ್ಚಿ ಖಾಲಿಯಾಯಿತು, ನಮ್ಮ ಯೋಜನೆ ಕಡತದಲ್ಲೇ ಉಳಿಯಿತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ತಾರತಮ್ಯದ ಮಾತು ನನಗೆ ಹೊಳೆದಿರಲಿಲ್ಲ, ಹಾಗಾಗಿ ಸೆಸ್ ಎಂಬ ನನ್ನ ಸಲಹೆಯನ್ನು ಸದ್ಯಕ್ಕೆ ಬದಿಗಿಡುತ್ತೇನೆ. ಎರಡು ಬೀದಿ ಆಚೆಗಿನ ಶಾಲೆಯ ಅಭಿವೃದ್ಧಿ ಯೋಜನೆಯ ಪ್ರತಿಯನ್ನು ಮುಖ್ಯ ಶಿಕ್ಷಕರಲ್ಲಿ ಸೋಮವಾರ ಕೇಳುತ್ತೇನೆ. ಅದರಲ್ಲಿ ಚಾವಣಿಯ ದುರಸ್ತಿ ಬರೆದಿದ್ದರೆ, ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಪತ್ರವನ್ನೂ ಜೊತೆಗಿಟ್ಟು ಕ್ಷೇತ್ರ ಶಿಕ್ಷಣಾಧಿಕಾರಿಗೂ ಶಾಸಕರ ಕಚೇರಿಗೂ ಕೊಡುವ ಆಲೋಚನೆಯಿದೆ. ಕಾಮಾಕ್ಷಿಪಾಳ್ಯದವರು ತಮ್ಮ ಯೋಜನೆಯನ್ನು ಯಾವ ನಮೂನೆಯಲ್ಲಿ ಬರೆದರೆಂದು ತಿಳಿಸಿದರೆ ಉಪಕಾರವಾಗುತ್ತದೆ.